ಅಪ್ಪನ ಅಂಗೈ, ನನ್ನ ಹಳೇ ಎಂಜಿ

ಮೊದಲೇ ಹೇಳಿಬಿಡ್ತೀನಿ, ನಾನು ಕಾರು ತಜ್ಞ ಅಲ್ಲ. ಓದಿದ್ದು ಕಂಪ್ಯೂಟರ್ ಸೈನ್ಸ್, ಹೊಟ್ಟೆಪಾಡು ಸಾಫ್ಟ್‌ವೇರ್. ಎರಡು ವರ್ಷದ ಹಿಂದೆ ಬಾನೆಟ್ ತೆಗೆದರೆ ವೈಪರಿನ ನೀರು ಎಲ್ಲಿ ಹಾಕೋದು ಅನ್ನೋದಷ್ಟೇ ಗೊತ್ತಿತ್ತು. ಅಂಥವನ ಗ್ಯಾರೇಜಿನಲ್ಲಿ ಈಗ 1970ರ ಎಂಜಿಬಿ ರೋಡ್‌ಸ್ಟರ್ ನಿಂತಿದೆ!

ತಪ್ಪು ನಾನಿರೋ ಊರಿನದು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಕ್ಕದ ಆಬಿಂಗ್ಡನ್. 1929ರಿಂದ 1980ರವರೆಗೆ ಎಂಜಿ ಕಾರುಗಳು ತಯಾರಾಗುತ್ತಿದ್ದದ್ದು ಇಲ್ಲೇ. ನಮ್ಮ ಕಡೆ ರಸ್ತೆಯಲ್ಲಿ ಕಾಣೋ ಎಂಜಿ ಹೆಕ್ಟರ್ ಬೇರೆ, ಇದು ಬೇರೆ. ಹೆಸರು, ಲಾಂಛನ ಮಾತ್ರ ಒಂದೇ. ಎಂಜಿಬಿ ರೋಡ್‌ಸ್ಟರ್ ಅಂದರೆ ಎರಡು ಸೀಟಿನ, ಚಾವಣಿ ಮಡಚಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. 1798 ಸಿಸಿ ಇಂಜಿನ್, ಜೋಡಿ ಎಸ್‌ಯು ಕಾರ್ಬ್ಯುರೇಟರ್. 1962ರಿಂದ 1980ರೊಳಗೆ ಐದು ಲಕ್ಷದಷ್ಟು ಎಂಜಿಬಿಗಳು ಬಂದವು. ಅದಕ್ಕೇ ಬಿಡಿಭಾಗಗಳು ಇವತ್ತಿಗೂ ಸಲೀಸಾಗಿ ಸಿಗ್ತವೆ.

ನನಗೆ ಇದನ್ನು ಮಾರಿದ್ದು ನಮ್ಮ ಬೀದಿಯ ಒಬ್ಬ ನಿವೃತ್ತ ಮೇಷ್ಟ್ರು. 1994ರಿಂದ 1996ರವರೆಗೆ, ಎರಡು ವರ್ಷ, ತುಕ್ಕು ತಿಂದಿದ್ದ ಗಾಡಿಯನ್ನು ಬಿಚ್ಚಿ ಮತ್ತೆ ಕಟ್ಟಿದ್ದರಂತೆ. ಈಗ ಮಂಡಿ ನೋವು, ನೆಲದ ಮೇಲೆ ಮಲಗಿದರೆ ಏಳೋಕೆ ಆಗಲ್ಲ ಅಂತ ಮಾರಿಬಿಟ್ಟರು. ಕಾರಿನ ಜೊತೆ ಒಂದು ನೋಟ್‌ಬುಕ್ ಕೊಟ್ಟರು. ಯಾವ ದಿನ ಯಾವ ನಟ್ಟು ಬಿಚ್ಚಿದ್ದು, ಯಾವ ಭಾಗ ಹೊಸದು, ಎಲ್ಲಾ ಅದರಲ್ಲಿದೆ. ನಮ್ಮ ಆಫೀಸಿನ ಯಾವ ಕೋಡಿಗೂ ಅಷ್ಟು ಚೆಂದದ ಡಾಕ್ಯುಮೆಂಟೇಶನ್ ಇಲ್ಲ ಬಿಡಿ :-)

ಆಮೇಲಿನ ನನ್ನ ಶನಿವಾರಗಳೆಲ್ಲ ಅದಕ್ಕೇ ಮೀಸಲು. ಕಾರ್ಬ್ಯುರೇಟರಿನ ತಲೆಯ ಮುಚ್ಚಳ ಬಿಚ್ಚಿ ಒಂದಿಷ್ಟು ಎಣ್ಣೆ ಬಿಡೋದು, 3000 ಮೈಲಿಗೊಮ್ಮೆ ಮುಂದಿನ ಕಿಂಗ್ ಪಿನ್‌ಗಳಿಗೆ ಗ್ರೀಸ್ ಹೊಡೆಯೋದು, ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪನ್ನು ಫೀಲರ್ ಗೇಜ್ ಇಟ್ಟು ಸರಿಮಾಡೋದು, ಸೀಟಿನ ಹಿಂದೆ ಅಡಗಿ ಕೂತಿರೋ 6 ವೋಲ್ಟಿನ ಎರಡು ಬ್ಯಾಟರಿಗಳನ್ನು ವಿಚಾರಿಸಿಕೊಳ್ಳೋದು... ಕ್ರೋಮ್ ಬಂಪರ್ ಉಜ್ಜೋದಂತೂ ನನಗೆ ಪೂಜೆ ಇದ್ದ ಹಾಗೆ.

ಇದನ್ನೆಲ್ಲ ಅಪ್ಪನಿಗೆ ಹೇಳಿದಾಗ ಫೋನಿನ ಆ ಕಡೆ ಒಂದು ನಿಮಿಷ ಮಾತೇ ಇಲ್ಲ. ಅಪ್ಪ ಹಾಸನದ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ನಾನು ಚಿಕ್ಕವನಿದ್ದಾಗ ಸ್ಪ್ಯಾನರ್ ಮುಟ್ಟಿದರೆ ಬೈತಿದ್ದರು. "ಕೈಗೆ ಗ್ರೀಸ್ ಅಂಟದ ಕೆಲಸ ಹಿಡೀಲಿ ಅಂತ ತಾನೆ ನಿನ್ನ ಇಂಜಿನಿಯರಿಂಗ್ ಓದ್ಸಿದ್ದು?" ಅಂದರು. ತಮಾಷೆಗೆ ಹೇಳಿದ್ದಲ್ಲ. ಓವರ್‌ಟೈಮ್ ಮಾಡಿ ನನ್ನ ಫೀಸು ಕಟ್ಟಿದ್ದರು. ನಾನು ದುಡ್ಡು ಕೊಟ್ಟು ಅದೇ ಗ್ರೀಸ್ ಮೈಗೆ ಬಳಿದುಕೊಳ್ತಿದ್ದೀನಿ. ನನ್ನ ಹತ್ರ ಉತ್ತರ ಇರಲಿಲ್ಲ.

ಹೋದ ಜೂನ್‌ನಲ್ಲಿ ಅಪ್ಪ ಅಮ್ಮ ಇಲ್ಲಿಗೆ ಬಂದರು. ಬಂದ ಮೂರನೇ ದಿನ ಅಪ್ಪನನ್ನು ಎಂಜಿಯಲ್ಲಿ ಕೂರಿಸಿಕೊಂಡು ಅಫಿಂಗ್ಟನ್ ಗುಡ್ಡಕ್ಕೆ ಹೊರಟೆ. ಅಲ್ಲಿ ಸುಮಾರು ಮೂರು ಸಾವಿರ ವರ್ಷ ಹಳೆಯ, 110 ಮೀಟರ್ ಉದ್ದದ ಬಿಳೀ ಕುದುರೆಯ ಚಿತ್ರವಿದೆ. ಗುಡ್ಡದ ಹುಲ್ಲು ಕೆತ್ತಿ, ಸೀಮೆಸುಣ್ಣದ ಪುಡಿ ತುಂಬಿ ಮಾಡಿದ್ದು. ದಾರಿಯಲ್ಲಿ ಕಾರು ಸ್ವಲ್ಪ ಎಡಕ್ಕೆ ಎಳೀತಿತ್ತು, ಏನೋ ಸುಟ್ಟ ವಾಸನೆಯೂ ಬರ್ತಿತ್ತು. ಹಳೇ ಕಾರು, ಹೀಗೇ ಇರುತ್ತೆ ಅಂದುಕೊಂಡೆ. ಅಪ್ಪ ಮಾತಾಡಲಿಲ್ಲ. ಗುಡ್ಡದ ಮೇಲೆ ನಿಲ್ಲಿಸಿದ್ದೇ ತಡ, ಇಳಿದು ಒಂದೊಂದೇ ಗಾಲಿಯ ಹತ್ತಿರ ಬಗ್ಗಿ ಅಂಗೈ ಹಿಡಿದು ನೋಡಿದರು. ಬಸ್ಸು ಡಿಪೋಗೆ ಬಂದಾಗ ಮಾಡ್ತಿದ್ದ ಕೆಲಸ. ಮುಂದಿನ ಎಡಗಾಲಿಯ ಹತ್ತಿರ ಕೈ ಹಿಂದಕ್ಕೆಳೆದುಕೊಂಡರು.

"ಬ್ರೇಕ್ ಬಿಡ್ತಿಲ್ಲ ಕಣೋ. ಇಳಿಜಾರಲ್ಲಿ ಇದನ್ನ ಇಳಿಸಬೇಡ."

"ಇಲ್ಲಪ್ಪಾ, ಪೂರ್ತಿ ರೆಸ್ಟೋರ್ ಆಗಿರೋ ಗಾಡಿ ಇದು."

"ಯಾವಾಗ?"

1996 ಅಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯ್ತು. ಆಗ ನಾನು ಹುಟ್ಟೇ ಇರಲಿಲ್ಲ.

ಟೋ ಗಾಡಿಗೆ ಫೋನ್ ಮಾಡಿ, ಅದು ಬರೋವರೆಗೆ ಎರಡು ಗಂಟೆ ಕಾದೆವು. ನಡೆದು ಹೋಗಿ ಕುದುರೆ ನೋಡಿದೆವು. ಯಾರು ಬಿಡಿಸಿದ್ದು, ಯಾಕೆ ಬಿಡಿಸಿದ್ದು ಅಂತ ನಾನು ಶುರು ಮಾಡಿದರೆ ಅಪ್ಪ ಕೇಳಿದ್ದು ಬೇರೆ. "ಇಷ್ಟು ವರ್ಷ ಹುಲ್ಲು ಯಾರು ಕಿತ್ರು?" ಸರಿಯಾದ ಪ್ರಶ್ನೆ. ತಲೆತಲಾಂತರದಿಂದ ಸುತ್ತಲಿನ ಊರಿನವರು ಕಿತ್ತರು. ಈಗ ನ್ಯಾಷನಲ್ ಟ್ರಸ್ಟ್‌ನ ಸ್ವಯಂಸೇವಕರು ಕಳೆ ಕಿತ್ತು, ಹೊಸ ಸುಣ್ಣದ ಕಲ್ಲು ಕುಟ್ಟಿ ತುಂಬ್ತಾರೆ. ಬಿಟ್ಟರೆ ಹುಲ್ಲು ಕುದುರೆಯನ್ನು ನುಂಗಿಬಿಡುತ್ತೆ.

ಮನೆಗೆ ಬಂದು ಮುಂಭಾಗ ಜ್ಯಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಬ್ರೇಕ್ ಒತ್ತಿ ಬಿಟ್ಟೆವು. ಎಡಗಾಲಿ ಕೈಯಲ್ಲಿ ತಿರುಗಿಸಿದರೆ ತಿರುಗಲಿಲ್ಲ. ಬ್ಲೀಡ್ ನಿಪ್ಪಲ್ ಸಡಿಲಿಸಿದ ತಕ್ಷಣ ಆಯಿಲ್ ಚಿಮ್ಮಿ ಗಾಲಿ ಬಿಟ್ಟುಕೊಂಡಿತು. ಮತ್ತೆ ಒತ್ತಿ ಬಿಟ್ಟು, ಈ ಸಲ ಹೋಸ್‌ನ ಹಿಂದಿನ ಪೈಪಿನ ಜಾಯಿಂಟ್ ಸಡಿಲಿಸಿದರೆ ಗಾಲಿ ಬಿಗಿಯಾಗೇ ಇತ್ತು. ಅಂದರೆ ದೋಷ ನಡುವಿನ ರಬ್ಬರ್ ಹೋಸ್‌ನಲ್ಲಿ. ಹಳೇ ಹೋಸ್ ಹೊರಗಡೆ ಸರಿಯಾಗೇ ಕಾಣುತ್ತೆ, ಒಳಗಡೆ ಊದಿಕೊಂಡು ದಾರಿ ಕಟ್ಟುತ್ತೆ. ಪೆಡಲ್ ತುಳಿದಾಗ ಒತ್ತಡಕ್ಕೆ ಆಯಿಲ್ ನುಗ್ಗಿ ಹೋಗುತ್ತೆ. ಕಾಲು ತೆಗೆದರೆ ಅದನ್ನು ವಾಪಸು ತಳ್ಳೋವಷ್ಟು ಬಲ ಆ ಕಡೆಯಿಂದ ಇರಲ್ಲ. ಪ್ಯಾಡ್ ಡಿಸ್ಕಿಗೆ ಉಜ್ಜುತ್ತಾನೇ ಇರುತ್ತೆ, ಬಿಸಿ ಏರುತ್ತೆ. ಬಿಸಿಗೆ ಆಯಿಲ್ ಕುದಿದರೆ ಪೆಡಲ್ ತುಳಿದರೂ ಬ್ರೇಕ್ ಹಿಡಿಯಲ್ಲ. ಪಕ್ಕದಲ್ಲಿ ಕೂತಿದ್ದದ್ದು ನನ್ನ ಅಪ್ಪ...

ನೋಟ್‌ಬುಕ್ ತೆಗೆದೆ. ಹೊಸ ಹೋಸ್ ಹಾಕಿದ್ದು 1996ರಲ್ಲೇ. ಆಮೇಲಿನ ಪುಟಗಳಲ್ಲಿ ಬರೀ ಇಂಜಿನ್ ಆಯಿಲ್, ಪ್ಲಗ್ಗು. ಮೇಷ್ಟ್ರನ್ನು ದೂರೋ ಹಾಗಿಲ್ಲ, ಎರಡು ವರ್ಷದಿಂದ ಗಾಡಿ ನನ್ನದೇ. ಇಲ್ಲಿ 40 ವರ್ಷ ದಾಟಿದ, ಹೆಚ್ಚು ಬದಲಾವಣೆಯಾಗದ ಕಾರುಗಳಿಗೆ 2018ರಿಂದ ಎಂಒಟಿ ತಪಾಸಣೆ ಕಡ್ಡಾಯ ಅಲ್ಲ. ನಮ್ಮ ಎಫ್.ಸಿ. ಥರದ್ದು ಅದು. ಬೇಕಾದರೆ ಮಾಡಿಸಬಹುದಿತ್ತು. ದುಡ್ಡು ಉಳೀತು ಅಂತ ಖುಷಿಪಟ್ಟಿದ್ದೆ. ಹೊಳೆಯೋದನ್ನೆಲ್ಲ ಉಜ್ಜಿದ್ದೆ, ಗಾಲಿಯ ಹಿಂದೆ ಕೈ ಹಾಕಿರಲಿಲ್ಲ.

ಎಂಜಿಬಿಗೆ ಇಂಥ ಹೋಸ್ ಮೂರು: ಮುಂದೆ ಎರಡು, ಹಿಂದೆ ಒಂದು. ಮೂರನ್ನೂ ತರಿಸಿದೆವು. ಬ್ರೇಕ್ ಆಯಿಲ್ ಬಿದ್ದರೆ ಪೇಂಟ್ ಏಳುತ್ತೆ ಅಂತ ಅಮ್ಮನ ಹಳೇ ಸೀರೆಯೊಂದನ್ನು ರೆಕ್ಕೆಯ ಮೇಲೆ ಹೊದಿಸಿದ್ದಾಯ್ತು. ಗಾಳಿ ತೆಗೆಯೋದು ಇಬ್ಬರ ಕೆಲಸ. ನಾನು ಗಾಡಿ ಕೆಳಗೆ ಮಲಗ್ತೀನಿ ಅಂದೆ. ಅಪ್ಪ ಒಪ್ಪಲಿಲ್ಲ. ಆಮೇಲೆ ಏನನ್ನಿಸಿತೋ, ಸ್ಪ್ಯಾನರ್ ನನ್ನ ಕೈಗೆ ಕೊಟ್ಟು ಪೆಡಲ್ ಮೇಲೆ ಕಾಲಿಟ್ಟು ಕೂತರು. ಹಿಂದಿನ ಎಡಗಾಲಿಯಿಂದ ಶುರು. "ತುಳಿದಿದೀನಿ, ಬಿಚ್ಚು... ಈಗ ಮುಚ್ಚು... ಬಿಟ್ಟೆ." ನಾಲ್ಕೂ ಗಾಲಿ ಮುಗಿಯೋಷ್ಟರಲ್ಲಿ ಸಂಜೆ. ನನ್ನ ಕೈ ಮೊಣಕೈವರೆಗೂ ಕಪ್ಪು. ಅಪ್ಪ ನೋಡಿದರು. ಬೈಯಲಿಲ್ಲ. ಕೈ ತೊಳೆಯೋಕೆ ಸೋಪಿಗೆ ಸಕ್ಕರೆ ಬೆರೆಸಿ ಉಜ್ಜು ಅಂದರು.

ಮಾರನೇ ವಾರ ಅದೇ ಗುಡ್ಡಕ್ಕೆ ಹೋಗಿ ಬಂದೆವು. ಮೇಲೆ ನಿಲ್ಲಿಸಿದಾಗ ಈ ಸಲ ನಾನೇ ಇಳಿದು ಅಂಗೈ ಹಿಡಿದು ನೋಡಿದೆ. ಎಡ, ಬಲ ಎರಡೂ ಒಂದೇ ಬಿಸಿ. ಅಪ್ಪ ಸೀಟಿನಿಂದ ಏಳಲೇ ಇಲ್ಲ.

ಅವರು ಊರಿಗೆ ಹೋದ ಮೇಲೆ ನೋಟ್‌ಬುಕ್ ತೆರೆದೆ. ಮೇಷ್ಟ್ರ ಇಂಗ್ಲಿಷ್ ಅಕ್ಷರದ ಕೆಳಗೆ, ಡಿಪೋ ರಿಜಿಸ್ಟರಿನ ಶೈಲಿಯಲ್ಲಿ, ಅಪ್ಪನ ದುಂಡು ಕನ್ನಡ: "ಮೂರು ಹೋಸ್ ಬದಲಿ. ಕೆಲಸ ಮಾಡಿದವರು: ಮಗ."