ಬಿಟ್ಟಿ ಅನ್ನೋ ಮಾತು



ಒಂದು ತಪ್ಪೊಪ್ಪಿಗೆ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ.

ನಮ್ಮವ್ವ ಹುಡುಗಿಯಾಗಿದ್ದಾಗ ಬೈಲಕುಪ್ಪೆಗೆ ಕೂಲಿಗೆ ಹೋಗ್ತಿದ್ದಳು. ಟಿಬೆಟಿಯನ್ನರ ಮುಸುಕಿನ ಜೋಳದ ಹೊಲದಲ್ಲಿ ಕಳೆ ಕೀಳೋ ಕೆಲಸ. "ಎಲ್ಲಿಂದಲೋ ಬಂದೋರಿಗೆ ಭೂಮಿ ಕೊಟ್ರು, ಇಲ್ಲೇ ಹುಟ್ಟಿದ ನಮಗೆ ಗೇಣು ನೆಲ ಇಲ್ಲ" ಅನ್ನೋ ಅವಳ ಮಾತು ಕೇಳ್ಕೊಂಡೇ ನಾನು ಬೆಳೆದೆ. ಮಾತು ಸುಳ್ಳೇನಲ್ಲ. 1960ರ ಕೊನೆಗೆ ಅವರ ಮೊದಲ ತಂಡ ಬಂತು, ಮೈಸೂರು ರಾಜ್ಯ ಸರ್ಕಾರ ಸುಮಾರು 3000 ಎಕರೆ ಕೊಟ್ಟಿತು. ಆಗ ಅದು ಕಾಡು. ಕಡಿದು ಹಸನು ಮಾಡಿದವರು ಅವರೇ. ಅದನ್ನ ಅವ್ವ ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಳಿಗಾಲದಲ್ಲಿ ಮೈಸೂರಿಗೆ ಸ್ವೆಟರ್ ಮಾರೋಕೆ ಬರೋರನ್ನ ಕಂಡ್ರೂ ನನಗೆ ಆ ಭೂಮಿಯೇ ನೆನಪಾಗ್ತಿತ್ತು.

ಹಲವು ವರ್ಷದ ಹಿಂದೆ ಒಂದು ಸಭೇಲಿ ಮೈಕ್ ಹಿಡಿದು ಅದನ್ನೇ ಹೇಳ್ದೆ. "ಹೊರಗಿಂದ ಬಂದೋರಿಗೆ ಎಲ್ಲಾ ಬಿಟ್ಟಿ" ಅಂದೆ. ಭಾರೀ ಚಪ್ಪಾಳೆ.

ಆಮೇಲೊಮ್ಮೆ ಸಂಘಟನೆ ಕೆಲಸಕ್ಕೆ ಸಿಂಧನೂರಿಗೆ ಹೋದೆ. ಅಲ್ಲಿ ಆರ್.ಎಚ್. ಕ್ಯಾಂಪ್‌ಗಳಿವೆ. ಪೂರ್ವ ಪಾಕಿಸ್ತಾನದಿಂದ ಓಡಿ ಬಂದ ಬಂಗಾಳಿಗಳನ್ನ 1970ರ ಆಸುಪಾಸಿನಲ್ಲಿ ಅಲ್ಲಿ ನೆಲೆಗೊಳಿಸಿದ್ರು. ಹೆಚ್ಚಿನವರು ನಾಮಶೂದ್ರರು. ಅಂದ್ರೆ ಬಂಗಾಳದ ದಲಿತರು. 1946ರಲ್ಲಿ ಬಾಬಾಸಾಹೇಬರನ್ನ ಬಂಗಾಳದಿಂದ ಸಂವಿಧಾನ ಸಭೆಗೆ ಆರಿಸಿ ಕಳಿಸೋಕೆ ದುಡಿದ ಜೋಗೇಂದ್ರನಾಥ ಮಂಡಲ್ ಅವರ ಜನ. ಅದೇ ಮಂಡಲ್ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾಗಿ, ತಮ್ಮ ಜನರ ಪಾಡು ನೋಡಲಾಗದೆ 1950ರಲ್ಲಿ ರಾಜೀನಾಮೆ ಕೊಟ್ಟು ಇಂಡಿಯಾಕ್ಕೆ ಬಂದ್ರು.

ಒಬ್ಬ ಅಜ್ಜ ಟೀ ಕೊಟ್ಟು ಹೇಳಿದ್ರು: "ಮೊದಲಿನ ಕ್ಯಾಂಪಿನ್ಯಾಗ ಸರ್ಕಾರ ರೊಕ್ಕ ಕೊಡ್ತಿತ್ತು ಸರ್, ಡೋಲ್ ಅಂತಿದ್ರು. ಸಾಲಿನ್ಯಾಗ ನಿಂತಾಗ ನಮ್ಮಪ್ಪ ತಲಿ ಎತ್ತುತಿದ್ದಿಲ್ಲ. ಊರಾಗ ಅಂವ ಹತ್ತು ಮಂದಿಗೆ ಉಣ್ಣಾಕ ಹಾಕೋ ರೈತ ಇದ್ದ."

ಆ ಡೋಲ್ ಕಥೆ ಕೇಳಿ. ದೇಶ ಒಡೆದ ಮೇಲೆ ಪಶ್ಚಿಮ ಬಂಗಾಳದ ಕ್ಯಾಂಪ್‌ಗಳಲ್ಲಿ ನಿರಾಶ್ರಿತರಿಗೆ ಹಣ ಕೊಡ್ತಿದ್ರು. ಕಾಸು, ಓದು, ನೆಂಟರು ಇದ್ದ ಮೇಲ್ಜಾತಿಯವರು ಹೆಚ್ಚಾಗಿ ಕಲ್ಕತ್ತಾದಲ್ಲೇ ದಾರಿ ಕಂಡ್ಕೊಂಡ್ರು. ಕ್ಯಾಂಪಲ್ಲಿ ಉಳಿದೋರಲ್ಲಿ ನಮ್ಮವರೇ ಜಾಸ್ತಿ. 1950ರ ದಶಕದ ಕೊನೆಗೆ ಅವರನ್ನ ದಂಡಕಾರಣ್ಯಕ್ಕೆ ಹೋಗಿ ಅಂದ್ರು. ಒಲ್ಲೆ ಅಂದವರಿಗೆ ಡೋಲ್ ನಿಲ್ಲಿಸಿದ್ರು. ಕೊಟ್ಟ ಕೈಯೇ ಹಸಿವನ್ನ ಚಾಟಿ ಮಾಡ್ಕೊಂಡಿತು.

ಇದೆಲ್ಲ ಕೇಳಿ ಬಂದ್ಮೇಲೂ ನಾನು ಬಾಯಿಬಿಟ್ಟು ತಪ್ಪಾಯ್ತು ಅನ್ನಲಿಲ್ಲ. 2023ರ ಆಗಸ್ಟ್ 30ಕ್ಕೆ ನಮ್ಮ ಮಹಾರಾಜ ಕಾಲೇಜು ಮೈದಾನದಲ್ಲೇ ಗೃಹಲಕ್ಷ್ಮಿ ಶುರುವಾಯ್ತು. ಮನೆ ಯಜಮಾನಿಗೆ ತಿಂಗಳಿಗೆ 2000. ಮಾರನೇ ದಿನ ಆಫೀಸಲ್ಲಿ ಪಕ್ಕದ ಟೇಬಲ್‌ನವನು, "ಬಿಟ್ಟಿ ದುಡ್ಡು ಕೊಟ್ಟು ಸೋಮಾರಿ ಮಾಡ್ತಾರೆ ಕಣಯ್ಯ" ಅಂದ. ರಕ್ತ ಕುದೀತು. ಉತ್ತರ ಕೊಡೋಕೆ ಬಾಯಿ ತೆಗೆದೆ, ಮಾತು ಹೊರಡಲಿಲ್ಲ. ಮೈಕಲ್ಲಿ ನಾನು ಅಂದಿದ್ದೂ ಇದೇ ಪದ ಅಲ್ವಾ? ನಮ್ಮವ್ವನಿಗೆ ಬಂದ್ರೆ ಹಕ್ಕು, ಇನ್ನೊಬ್ಬರ ಅವ್ವನಿಗೆ ಬಂದ್ರೆ ಬಿಟ್ಟಿ!

ಇಂಡಿಯಾ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೂ ಇಲ್ಲ. ತಮಿಳುನಾಡಿನ ಕ್ಯಾಂಪ್‌ಗಳಲ್ಲಿ ಶ್ರೀಲಂಕಾ ತಮಿಳರ ಕುಟುಂಬದ ಹಿರಿಯರಿಗೆ ಕೊಡೋ ಮಾಸಿಕ ಹಣ 2021ರಲ್ಲಿ 1000ದಿಂದ 1500 ಆಯ್ತು, ಅದೂ ಸರ್ಕಾರ ಮನಸ್ಸು ಮಾಡಿದ್ದಕ್ಕೆ. ಯಾರಿಗೆ ಕೊಡೋದು, ಯಾವಾಗ ನಿಲ್ಲಿಸೋದು, ಎಲ್ಲ ಅವರ ಮರ್ಜಿ. ಮರ್ಜಿಯಲ್ಲಿ ಬದುಕೋದು ಅಂದ್ರೇನು ಅಂತ ನಮ್ಮ ಕೇರಿಗಳಿಗೆ ಯಾರೂ ಹೇಳ್ಕೊಡಬೇಕಿಲ್ಲ.

ಅವ್ವನ ಪ್ರಶ್ನೆ ಸರಿಯಾಗೇ ಇತ್ತು. ನಮಗೆ ಗೇಣು ನೆಲ ಯಾಕಿಲ್ಲ ಅಂತ ಕೇಳಲೇಬೇಕು. ವಿಧಾನಸೌಧದ ಮುಂದೆ ನಿಂತು ಕೇಳೋಣ, ಸ್ವೆಟರ್ ಮಾರೋಳ ಮುಂದೆ ಬೇಡ.

ಆವತ್ತು ಆ ಸಭೇಲಿ ಚಪ್ಪಾಳೆ ತಟ್ಟಿದವರು ಯಾರಾದ್ರೂ ಇದನ್ನ ಓದ್ತಿದ್ರೆ, ಆ ಮಾತು ವಾಪಸ್ ತಗೊಂಡಿದ್ದೀನಿ.

ಜೈಭೀಮ್.