ದಾರಿ ಕೇಳುವವರ ಯಥಾರ್ಥತೆ

ನಮ್ಮ ಸಿಂಧನೂರು ಸೀಮೆಯಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರೇ ಭತ್ತಕ್ಕೆ ಜೀವವು. ಮೇಲಿನವರು ಮಿತಿಮೀರಿ ತೆಗೆದುಕೊಂಡರೆ ಕೊನೆಯ ಹೊಲಗಳಿಗೆ ಅದು ಮುಟ್ಟುವುದೇ ಇಲ್ಲ. ಒಂದು ವರ್ಷ ತೆನೆಗೆ ಹಾಲು ತುಂಬುವ ಕಾಲದಲ್ಲಿ ನಮ್ಮ ಪೈರು ಬಾಡತೊಡಗಿತು. ನೀರಿನ ಪಾಳಿಯಾದರೋ ಕೆಳಗಿನ ಹೊಲದವರದಾಗಿತ್ತು. ರಾತ್ರಿ ನಾವು ಮೊಣಕಾಲೂರಿ, "ಕರ್ತನೇ, ದಾರಿ ತೋರಿಸು" ಎಂದು ಬೇಡಿಕೊಂಡೆವು. ಆದರೆ ಪ್ರಾರ್ಥನೆಗೆ ಮುಂಚೆಯೇ ಸಲಿಕೆಯನ್ನು ಬಾಗಿಲಿಗೆ ಒರಗಿಸಿಟ್ಟಿದ್ದೆವು! ಕಣ್ಣು ತೆರೆದಾಗ ಮೊದಲು ಕಂಡದ್ದು ಅದೇ. ಕ್ರಿಸ್ತನಿಂದ ನಾವು ಕೇಳಿದ್ದು ದಾರಿಯನ್ನಲ್ಲ, ನಮ್ಮ ದಾರಿಗೆ ಒಪ್ಪಿಗೆಯನ್ನು ಎಂದು ತಿಳಿದು ನಾಚಿದೆವು. ತೂಬಿನ ಕಡೆಗೆ ಹೋಗಲಿಲ್ಲ. ಬೆಳೆಯಲ್ಲಿ ಅರ್ಧವು ಜೊಳ್ಳಾಯಿತು, ಅದನ್ನು ಮರೆಮಾಚುವುದಿಲ್ಲ. ಆದರೂ ಕೆಳಗಿನ ಹೊಲದವರ ಮುಖ ನೋಡಿ ಮಾತನಾಡುವ ಧೈರ್ಯವು ಉಳಿಯಿತು.

ಅನಂತರ ಒಮ್ಮೆ ಲಿಂಗಸುಗೂರಿಗೆ ಹೋಗುವಾಗ ಮಸ್ಕಿಯಲ್ಲಿಳಿದು, 1915ರಲ್ಲಿ ಬೆಳಕಿಗೆ ಬಂದ ಬಂಡೆಶಾಸನವನ್ನು ಕಂಡೆವು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಅಲ್ಲಿದ್ದುದರಿಂದ, ಆ ಬಿರುದಿನ ಅರಸನು ಯಾರೆಂಬುದು ಲೋಕಕ್ಕೆ ನಿಶ್ಚಯವಾಯಿತು. ಧರ್ಮದಲ್ಲಿ ನಿಂತವನು ಅಲ್ಪನಾದರೂ ಶ್ರೇಯಸ್ಸನ್ನು ಪಡೆಯಬಲ್ಲನೆಂಬ ಮಾತೂ ಅದರಲ್ಲುಂಟು. ಆ ಅರಸನ ಮತವು ಬೇರೆ. ಆದರೆ ನಮಗೆ ಬುದ್ಧಿ ಬಂದಿತು. ಕ್ರೈಸ್ತರೆಂಬುದು ನಮ್ಮ ಬಿರುದು. ಅದು ಯಾರದೆಂದು ತೋರಿಸತಕ್ಕದ್ದು ನಮ್ಮ ನಡತೆಯೇ.

ಆದುದರಿಂದ ಸಂಜೆಯ ಪ್ರಾರ್ಥನೆಗೆ ಮನೆಯವರೆಲ್ಲರೂ ಕೂಡುವ ಮುಂಚೆ, ಬಾಗಿಲಿಗೆ ಏನನ್ನು ಒರಗಿಸಿಟ್ಟಿದ್ದೇವೆಂದು ಒಮ್ಮೆ ನೋಡಿಕೊಳ್ಳೋಣ. ಕೈ ಬರಿದಾದವನನ್ನೇ ಕರ್ತನು ಕೈಹಿಡಿದು ನಡಿಸುವನು.