ಲೆಮಾಂಟ್‌ನಿಂದ – 17: ಬೂದನ ಊಟ, ಅಮ್ಮನ ಊಟ

ಹೋದ ಸಲ ಹಿಮ ತೆಗೆಯೋ ಕಥೆ ಬರೆದಿದ್ದೆನಲ್ಲ, ಅದರ ಫೋಟೋದಲ್ಲಿ ಕಿಟಕಿ ಹತ್ತಿರ ಕೂತಿದ್ದ ನಮ್ಮ ಬೂದನನ್ನು ನೋಡಿ ಸುಮಾರು ಜನ "ಇದು ಬೆಕ್ಕೋ ಕುರಿಮರಿಯೋ ಮಾರಾಯ್ತಿ" ಅಂತ ಕೇಳಿದ್ರಿ. ಆ ವಾರವೇ ಬೆಕ್ಕಿನ ಡಾಕ್ಟರೂ ಅದನ್ನೇ ಹೇಳಿದ್ರು, ಸ್ವಲ್ಪ ಮರ್ಯಾದೆಯಿಂದ. ತೂಕ 15 ಪೌಂಡ್, ಅಂದ್ರೆ 6.8 ಕೆಜಿ. ಅವನ ಮೈಕಟ್ಟಿಗೆ 5 ಕೆಜಿ ಸಾಕಂತೆ.

"ದಿನಕ್ಕೆ ಎಷ್ಟು ಹಾಕ್ತೀರಿ?" ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಸ್ಪತ್ರೆಯಲ್ಲಿ ರೋಗಿ ಕುಡಿದ ನೀರು, ಹೋದ ಮೂತ್ರ ಎಲ್ಲ ಎಂಎಲ್ ಲೆಕ್ಕದಲ್ಲಿ ಬರೆಯೋಳು ನಾನು. ಮನೆ ಬೆಕ್ಕಿಗೆ ಮಾತ್ರ ಕೈಗೆ ಬಂದಷ್ಟು.

ಮನೆಗೆ ಬಂದು ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದೆ. ಯಾರು ಎಷ್ಟು ಹೊತ್ತಿಗೆ ಎಷ್ಟು ಹಾಕಿದ್ರು ಅಂತ ಬರೆಯೋದು. ಎರಡೇ ದಿನಕ್ಕೆ ಬಣ್ಣ ಬಯಲಾಯ್ತು. ಬೆಳಿಗ್ಗೆ ಆರಕ್ಕೆ ಇವರು ಬಟ್ಟಲು ತುಂಬಿಸಿ ಕೆಲಸಕ್ಕೆ ಹೋಗ್ತಾರೆ. ಎಂಟಕ್ಕೆ ನಾನು ನೈಟ್ ಡ್ಯೂಟಿ ಮುಗಿಸಿ ಬಂದರೆ ಬೂದ ಹುಟ್ಟಿದಾಗಿನಿಂದ ಏನೂ ತಿಂದಿಲ್ಲ ಅನ್ನೋ ಹಾಗೆ ಕೂಗ್ತಾನೆ, ನಾನೂ ತುಂಬಿಸ್ತೀನಿ. ಸಂಜೆ ಹೊರಡುವಾಗ ಬಾಗಿಲಲ್ಲಿ ಕೂತು ನೋಡ್ತಾನೆ. ರಾತ್ರಿಯಿಡೀ ಬಿಟ್ಟು ಹೋಗ್ತಿದ್ದೀನಲ್ಲ ಅನ್ನೋ ತಪ್ಪಿಗೆ ಇನ್ನೊಂದು ಹಿಡಿ. ಮಧ್ಯೆ ತಿಂಡಿ ತುಣುಕುಗಳು ಬೇರೆ. ಭಾನುವಾರ ಗುಡ್ಡದ ಮೇಲಿನ ರಾಮ ದೇವಸ್ಥಾನದಿಂದ ತಂದ ಮೊಸರನ್ನದಲ್ಲೂ ಅವನಿಗೊಂದು ಪಾಲು. ಒಣ ಕಾಳಿನ ಒಂದು ಕಪ್ಪಿನಲ್ಲಿ 350ರಿಂದ 400 ಕ್ಯಾಲೊರಿ ಇರುತ್ತೆ. ಮನೆಯೊಳಗೇ ಇರೋ 5 ಕೆಜಿ ಬೆಕ್ಕಿಗೆ ಇಡೀ ದಿನಕ್ಕೆ ಸುಮಾರು 250 ಸಾಕು. ಲೆಕ್ಕ ನೀವೇ ಹಾಕಿ.

ಇದು ಯಾವಾಗ ಶುರುವಾಯ್ತು ಅಂತಲೂ ನನಗೆ ಗೊತ್ತು. ಅಪ್ಪನ ಹದಿಮೂರು ದಿನದ ಕೆಲಸ ಮುಗಿಸಿ ವಾಪಸ್ ಬಂದಿದ್ದೆ. ಇವರು ಆಫೀಸಿಗೆ ಹೋದ್ರೆ ಮನೆಯಲ್ಲಿ ಸದ್ದೇ ಇಲ್ಲ. ಬಟ್ಟಲಿಗೆ ಕಾಳು ಸುರಿದರೆ ಬೂದ ಓಡಿ ಬಂದು ಕಟಕಟ ಅಂತ ಅಗಿಯೋನು. ಆ ಸದ್ದಿಗಾಗಿ ಎಷ್ಟೋ ಸಲ ಸುರಿದಿದ್ದೀನಿ. ಹಸಿವು ಅವನದ್ದಾಗಿರಲಿಲ್ಲ.

ಹಾಗಂತ ಒಮ್ಮೆಲೇ ನಿಲ್ಲಿಸೋ ಹಾಗಿಲ್ಲ. ದಪ್ಪ ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು. ಈಗ ಅಡುಗೆಮನೆ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ, ನಿಧಾನಕ್ಕೆ ಇಳಿಸ್ತಾ ಇದ್ದೀವಿ.

ಇದನ್ನ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದೆ. ನನಗೆ ಬೆಳಿಗ್ಗೆ, ಅಲ್ಲಿ ದೀಪ ಹಚ್ಚೋ ಹೊತ್ತು. "ಮೂಕಪ್ರಾಣಿ ಕಣೇ, ಅದರ ಹೊಟ್ಟೆಗೆ ತಕ್ಕಡಿ ಹಿಡೀತೀಯಾ?" ಅಂತ ಬೈದಳು. ಹಿಂದೆ ಜಗಲಿ ಮೇಲೆ ಅವಳ ಕರಿಯ ಕರಟದಲ್ಲಿದ್ದ ಹಾಲನ್ನ ನೆಕ್ತಾ ಇದ್ದ.

ನನ್ನ ಬಾಯಿ ತುದಿಗೆ ಪಾಠ ಬಂದಿತ್ತು. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ, ಟಾರಿನ್ ಸಾಲದಿದ್ದರೆ ಹೃದಯ ದುರ್ಬಲ ಆಗುತ್ತೆ, 1987ರಲ್ಲೇ ಕ್ಯಾಲಿಫೋರ್ನಿಯಾದವರು ಅದನ್ನು ಕಂಡುಹಿಡಿದರು, ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಸರಿಯಾಗಿ ಜೀರ್ಣ ಆಗಲ್ಲ, ಹೀಗೆ. ನುಂಗಿಕೊಂಡೆ. ಕರಿಯನಿಗೆ ಕೊಟ್ಟಿಗೆ ತುಂಬ ಇಲಿ ಇದೆ, ಅವನ ಟಾರಿನ್ ಅವನು ನೋಡ್ಕೋತಾನೆ.

ನುಂಗಿಕೊಳ್ಳೋಕೆ ಬೇರೆ ಕಾರಣವೂ ಇತ್ತು. ಅಪ್ಪ ಹೋದ ಮೇಲೆ ಅಮ್ಮ "ನಾನೊಬ್ಬಳಿಗೆ ಎಂಥ ಅಡುಗೆ" ಅಂತ ಅವಲಕ್ಕಿ, ಚಹಾದಲ್ಲೇ ದಿನ ದೂಡ್ತಾ ಇದ್ದಳಂತೆ. ಪಕ್ಕದ್ಮನೆ ಅತ್ತಿಗೆ ಹೇಳಿದ್ದು. ಶುಗರ್ ಮಾತ್ರೆ ನುಂಗಿ ಊಟ ಬಿಟ್ಟು ತಲೆ ತಿರುಗಿ ಬಿದ್ದವರನ್ನು ನಾನು ವಾರ್ಡಿನಲ್ಲಿ ಎಷ್ಟು ನೋಡಿಲ್ಲ! ಫೋನಲ್ಲಿ ಕೇಳಿದ್ರೆ ಪ್ರತಿದಿನ "ಊಟ ಆಯ್ತು" ಅನ್ನೋಳು. ಹೋದ ಮಳೆಗಾಲದಲ್ಲಿ ಈ ಕರಿಯ ಎಲ್ಲಿಂದಲೋ ಬಂದು ಜಗಲಿ ಹಿಡಿದ. ಅವನಿಗೋಸ್ಕರ ಮಧ್ಯಾಹ್ನ ಅನ್ನ ಬೇಯೋಕೆ ಶುರುವಾಯ್ತು.

ಈಗ ನಾನು ಅಮ್ಮನ ಊಟ ಕೇಳೋದೇ ಬಿಟ್ಟಿದ್ದೀನಿ. "ಕರಿಯನಿಗೆ ಇವತ್ತು ಏನು ಹಾಕಿದ್ಯಮ್ಮಾ?" ಅಂತ ಕೇಳ್ತೀನಿ. ಅದರಲ್ಲಿ ಅವಳು ಸುಳ್ಳು ಹೇಳಲ್ಲ. ನಿನ್ನೆ "ಬಂಗುಡೆ ತಲೆ ಕಣೇ, ಖಾರ ಹಾಕೋಕೆ ಮುಂಚೆನೇ ಬೇರೆ ಬೇಯಿಸಿಟ್ಟಿದ್ದೆ" ಅಂದಳು. ಅಂದ್ರೆ ಮನೆಯಲ್ಲಿ ಬಂಗುಡೆ ಸಾರಾಗಿದೆ, ಬಿಸಿ ಅನ್ನ ಆಗಿದೆ. ಫೋನಿಟ್ಟು ನೆಮ್ಮದಿಯಾಗಿ ಮಲಗಿದೆ.

ಅಮ್ಮ ಫೇಸ್‌ಬುಕ್ ನೋಡಲ್ಲ, ದಯವಿಟ್ಟು ಯಾರೂ ಹೇಳಬೇಡಿ. ನಮ್ಮ ಕೇರಿಯವರಿಗೆ ಒಂದು ಮಾತು: ಮೀನಿನ ಗಾಡಿ ಬಂದಾಗ ಅಮ್ಮನಿಗೊಂದು ಕೂಗು ಹಾಕಿ. ಬೆಕ್ಕಿಗೆ ಬೇಕಾ ಅಂತ ಕೇಳಿ, ಸಾಕು.

ಬೂದ ಈಗ 14 ಪೌಂಡ್. ಫೋಟೋ ಕೆಳಗಿದೆ, ಕುರಿಮರಿ ಅನ್ನಬೇಡಿ.